ಔಷಧಿ ನೆನಪಿಸುವ ಆ್ಯಪ್ ಆರನೇ ದಿನ ಮಧ್ಯಾಹ್ನ ಸುಮ್ಮನಾಗುವುದೇಕೆ?

ಮೂರುಹೊತ್ತು

ಔಷಧಿ ನೆನಪಿಸುವ ಆ್ಯಪ್ ಒಂದರ ವಿನ್ಯಾಸ ಚರ್ಚೆಗೆ ಇಡುತ್ತಿದ್ದೇನೆ. ಬಳಸುವವರು ಹೆಚ್ಚಾಗಿ ಅರವತ್ತು ದಾಟಿದವರು. ಕನ್ನಡ ಓದುತ್ತಾರೆ, ಆದರೆ ನಿಧಾನವಾಗಿ. ಫೋನು ಹಳೆಯದು, ಕೆಲವು ಮನೆಗಳಲ್ಲಿ ಇಬ್ಬರಿಗೆ ಒಂದೇ. ನಾಲ್ಕು ಬಗೆಯ ಮಾತ್ರೆ, ದಿನಕ್ಕೆ ಮೂರು ಹೊತ್ತು, ಇದು ಸಾಮಾನ್ಯ ಲೆಕ್ಕ.

ತಂಡದ ಫೋನುಗಳಲ್ಲಿ ತಿಂಗಳುಗಟ್ಟಲೆ ಸರಿಯಾಗಿ ಬಾರಿಸುತ್ತದೆ. ಬಳಸುವವರ ಐಫೋನಿನಲ್ಲಿ ಆರನೇ ದಿನ ಬೆಳಿಗ್ಗೆ ಬಾರಿಸಿ ಮಧ್ಯಾಹ್ನದಿಂದ ಮೌನ. ಆಂಡ್ರಾಯ್ಡ್‌ನಲ್ಲಿ ಕೆಲವರಿಗೆ ಮೊದಲ ದಿನವೇ ಸದ್ದಿಲ್ಲ. ಎರಡಕ್ಕೂ ಕಾರಣ ಬೇಕು. ಅದರ ಜೊತೆಗೆ ಅಕ್ಷರ, ಬಟನ್, ಪರೀಕ್ಷೆಯ ಕ್ರಮ, ಜನ ಬಿಟ್ಟುಬಿಡದಂತೆ ಏನು ಮಾಡಬೇಕು, ಗೊತ್ತಿರುವವರು ವಿವರವಾಗಿ ಬರೆಯಿರಿ. "ಬಳಕೆದಾರಸ್ನೇಹಿಯಾಗಿರಲಿ" ಅನ್ನುವ ಸಲಹೆ ಬೇಡ, ಅದು ಈಗಾಗಲೇ ಗೋಡೆಯ ಮೇಲಿದೆ.

ಅಲಾರಂಪೆಟ್ಟಿಗೆ

ಐಫೋನಿನ ಲೆಕ್ಕ ಸುಲಭ. ಒಂದು ಆ್ಯಪ್ ಮುಂದಿನ ದಿನಗಳಿಗಾಗಿ ಸಾಲಿನಲ್ಲಿಡುವ ಸ್ಥಳೀಯ (ಇಂಟರ್ನೆಟ್ ಇಲ್ಲದೆ ಫೋನೇ ತೋರಿಸುವ) ನೋಟಿಫಿಕೇಶನ್‌ಗಳಲ್ಲಿ ಐಓಎಸ್ ಹತ್ತಿರದ 64ನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಉಳಿದದ್ದನ್ನು ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. ಮಾತ್ರೆಗೊಂದು ನೋಟಿಫಿಕೇಶನ್ ಇಟ್ಟರೆ ದಿನಕ್ಕೆ 12. ಐದು ದಿನಕ್ಕೆ 60 ಮುಗಿಯಿತು. ಉಳಿದ ನಾಲ್ಕು ಆರನೇ ದಿನದ ಬೆಳಗಿನ ಹೊತ್ತಿಗೆ ಸರಿಹೋಯಿತು. ಮಧ್ಯಾಹ್ನಕ್ಕೆ ಬಾರಿಸಲು ಏನೂ ಇಲ್ಲ.

ತಂಡದವರಿಗೆ ಯಾಕೆ ಸಿಗಲಿಲ್ಲ ಅಂದರೆ, ಮಾಡುವವರು ದಿನಕ್ಕೆ ಹತ್ತು ಸಲ ಆ್ಯಪ್ ತೆರೆಯುತ್ತಾರೆ. ತೆರೆದಾಗಲೆಲ್ಲ ಕೋಡ್ ಸಾಲನ್ನು ಮತ್ತೆ ತುಂಬುತ್ತದೆ. ಬಳಸುವವರು ಸದ್ದು ಕೇಳಿ ಮಾತ್ರೆ ನುಂಗಿ ಫೋನು ಪಕ್ಕಕ್ಕಿಡುತ್ತಾರೆ. ಆ್ಯಪ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಅದನ್ನು ತೆರೆಯುವ ಅಗತ್ಯವೇ ಇಲ್ಲ, ತೆರೆಯದಿದ್ದರೆ ಅದು ಕೆಲಸ ಮಾಡುವುದಿಲ್ಲ!

ಪರಿಹಾರ ಮೂರು ಹಂತದಲ್ಲಿ. ಮಾತ್ರೆಗೊಂದು ಬೇಡ, ಹೊತ್ತಿಗೊಂದು ನೋಟಿಫಿಕೇಶನ್ ಸಾಕು: "ಬೆಳಗಿನ ಔಷಧಿ, 4 ಮಾತ್ರೆ". ದಿನಕ್ಕೆ 3 ಆದರೆ 63ರಲ್ಲಿ 21 ದಿನ ನಡೆಯುತ್ತದೆ. ಉಳಿದ ಒಂದನ್ನು ಕಾವಲಿಗೆ ಇಡಿ: 21ನೇ ದಿನದ ಕೊನೆಯ ಹೊತ್ತಿನ ಜೊತೆಗೇ "ನೆನಪಿಸುವುದು ಇಲ್ಲಿಗೆ ನಿಲ್ಲುತ್ತದೆ, ಮುಂದುವರಿಸಲು ಇದನ್ನು ಒತ್ತಿ" ಅಂತ ಬರಲಿ. ಕೊನೆಯದಾಗಿ, ನೋಟಿಫಿಕೇಶನ್ ಮೇಲೆಯೇ "ತೆಗೆದುಕೊಂಡೆ" ಬಟನ್ ಇರಲಿ. ಅದನ್ನು ಒತ್ತಿದಾಗ ಆ್ಯಪ್ ತೆರೆ ಮುಂದೆ ಬರದೆಯೇ ಹಿನ್ನೆಲೆಯಲ್ಲಿ ಸ್ವಲ್ಪ ಹೊತ್ತು ಎಚ್ಚರವಾಗುತ್ತದೆ, ಆಗಲೇ ಸಾಲು ತುಂಬಿಬಿಡಬಹುದು. ಬರೀ ಸರಿಸಿ ತೆಗೆದುಹಾಕುವವರ ಫೋನಿನಲ್ಲಿ ಇದು ಆಗುವುದಿಲ್ಲ. ಅದಕ್ಕೆ ನೋಟಿಫಿಕೇಶನ್ ವರ್ಗದಲ್ಲಿ "ವಜಾ ಮಾಡಿದರೂ ತಿಳಿಸು" ಅನ್ನುವ ಆಯ್ಕೆಯನ್ನು ಬೇರೆಯಾಗಿ ಹಾಕಬೇಕು.

ಆಂಡ್ರಾಯ್ಡ್ ಬೇರೆಯೇ ಕಥೆ. ಅಲ್ಲಿ ಐದು ಕಡೆ ಕೆಡಬಹುದು.

ಆಂಡ್ರಾಯ್ಡ್ 13ರಿಂದ (2022) ನೋಟಿಫಿಕೇಶನ್‌ಗೆ ಅನುಮತಿ ಕೇಳಬೇಕು. ಆ್ಯಪ್ ತೆರೆದ ಕೂಡಲೇ ಕೇಳಿದರೆ ಯಾಕೆಂದು ತಿಳಿಯದೆ "ಬೇಡ" ಒತ್ತುತ್ತಾರೆ. ಎರಡು ಸಲ ಬೇಡ ಅಂದರೆ ಆ ಪ್ರಶ್ನೆ ಮತ್ತೆ ಬರುವುದೇ ಇಲ್ಲ, ಸೆಟ್ಟಿಂಗ್ಸ್‌ಗೇ ಕಳಿಸಬೇಕು. ಮೊದಲ ಮಾತ್ರೆ ಸೇರಿಸಿ "ಉಳಿಸಿ" ಒತ್ತಿದ ಮೇಲೆ, "ರಾತ್ರಿ 8ಕ್ಕೆ ಸದ್ದು ಮಾಡಲು ಒಪ್ಪಿಗೆ ಬೇಕು" ಅಂತ ಒಂದು ಸಾಲು ತೋರಿಸಿ ಆಮೇಲೆ ಕೇಳಿ.

ನಿಗದಿತ ನಿಮಿಷಕ್ಕೇ ಬಾರಿಸಲು ಆಂಡ್ರಾಯ್ಡ್ 12ರಿಂದ ಇನ್ನೊಂದು ಅನುಮತಿ. ಆಂಡ್ರಾಯ್ಡ್ 14ರಲ್ಲಿ, 13 ಅಥವಾ ಮೇಲಿನದನ್ನು ಗುರಿಯಾಗಿಸಿದ ಆ್ಯಪ್ ಹೊಸದಾಗಿ ಹಾಕಿಕೊಂಡರೆ ಅದು ತಾನಾಗಿ ಸಿಗುವುದಿಲ್ಲ. ಪ್ರತಿ ಸಲ ಆ್ಯಪ್ ಎದ್ದಾಗ ಅನುಮತಿ ಇದೆಯೇ ನೋಡಿ. ಇಲ್ಲದಿದ್ದರೂ ಗಂಟೆ ನಿಗದಿ ಮಾಡಲು ಹೊರಟರೆ ಆ್ಯಪ್ ಬೀಳುತ್ತದೆ. ಬೀಳದಂತೆ ಅಂದಾಜು ಸಮಯದ ಅಲಾರಂ ಹಾಕಿದರೆ ಎಂಟಕ್ಕೆ ಬರಬೇಕಾದ್ದು ತಡವಾಗಿ ಬರುತ್ತದೆ.

ಫೋನು ಆರಿಸಿ ಹೊತ್ತಿಸಿದರೆ ಎಲ್ಲ ಅಲಾರಂ ಅಳಿಸಿಹೋಗುತ್ತದೆ. ಬೂಟ್ ಆದ ಸಂದೇಶ ಹಿಡಿದು ಮತ್ತೆ ಹಾಕಬೇಕು. ಸಮಯವಲಯ ಬದಲಾದಾಗಲೂ ಅಷ್ಟೇ.

ಸೆಟ್ಟಿಂಗ್ಸ್‌ನಲ್ಲಿ "ಬಲವಂತವಾಗಿ ನಿಲ್ಲಿಸು" ಒತ್ತಿದರೆ, ಆ್ಯಪನ್ನು ಕೈಯಾರೆ ತೆರೆಯುವ ತನಕ ಏನೂ ಬಾರಿಸುವುದಿಲ್ಲ. ಕೆಲವು ತಯಾರಕರ ಬ್ಯಾಟರಿ ಉಳಿತಾಯ ವ್ಯವಸ್ಥೆ ಹೆಚ್ಚುಕಡಿಮೆ ಇದನ್ನೇ ತಾನಾಗಿ ಮಾಡುತ್ತದೆ.

ಇನ್ನು ಚಾನೆಲ್, ಅಂದರೆ ಒಂದೇ ಬಗೆಯ ನೋಟಿಫಿಕೇಶನ್‌ಗಳ ಸದ್ದು, ಕಂಪನ ನಿಗದಿಯಾಗುವ ಗುಂಪು. ಆಂಡ್ರಾಯ್ಡ್ 8ರಿಂದ ಪ್ರತಿ ನೋಟಿಫಿಕೇಶನ್ ಒಂದು ಚಾನೆಲ್‌ಗೆ ಸೇರಬೇಕು. ಒಮ್ಮೆ ಚಾನೆಲ್ ಸೃಷ್ಟಿಸಿದ ಮೇಲೆ ಅದರ ಸದ್ದನ್ನಾಗಲಿ ಕಂಪನವನ್ನಾಗಲಿ ಕೋಡ್ ಬದಲಾಯಿಸಲಾಗದು. ಮೊದಲ ಆವೃತ್ತಿಯಲ್ಲಿ ಸದ್ದಿಲ್ಲದ ಚಾನೆಲ್ ಹೋಗಿದ್ದರೆ ಎರಡನೇ ಆವೃತ್ತಿಯಲ್ಲಿ ಕೋಡ್ ತಿದ್ದಿದರೂ ಹಳಬರಿಗೆ ಮೌನವೇ. ಹೊಸ ಗುರುತಿನ ಚಾನೆಲ್ ಮಾಡಿ ಹಳೆಯದನ್ನು ಅಳಿಸಬೇಕು. ನಿಮ್ಮ "ಮೊದಲ ದಿನವೇ ಸದ್ದಿಲ್ಲ" ಇದೇ ಇರಬಹುದು, ಮೊದಲು ಇಲ್ಲಿ ನೋಡಿ.

ಅಳತೆಗೋಲು

ಇಷ್ಟೆಲ್ಲ ಯಾಕೆ? ಸರ್ವರ್‌ನಿಂದ ಪುಶ್, ಅಂದರೆ ಇಂಟರ್ನೆಟ್ ಮೂಲಕ ನೋಟಿಫಿಕೇಶನ್, ಕಳಿಸಿದರೆ ಆಗದೇ?

ಅಲಾರಂಪೆಟ್ಟಿಗೆ

ನೆಟ್‌ವರ್ಕ್ ಇದ್ದರೆ ಆಗುತ್ತದೆ. ಡೇಟಾ ಮುಗಿದ ದಿನವೂ ಮಾತ್ರೆ ನುಂಗಬೇಕಲ್ಲ. ಫೋನಿನೊಳಗಿನ ಗಂಟೆಯೇ ಮುಖ್ಯ, ಸರ್ವರ್ ಹಿಂಬದಿಯ ಆಸರೆ. ಹೊತ್ತು ಮೀರಿ ಎರಡು ಗಂಟೆಯಾದರೂ ಉತ್ತರ ತಲುಪದಿದ್ದರೆ ಎಸ್‌ಎಂಎಸ್ ಹೋಗಲಿ.

ಎಸ್‌ಎಂಎಸ್ ಬರೆಯುವಾಗ ಲೆಕ್ಕ ಇಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರವಾದರೆ 160 ಹಿಡಿಸುತ್ತದೆ, ಕನ್ನಡ ಬಂದ ಕೂಡಲೇ 70. ಅದನ್ನು ದಾಟಿದರೆ 67ರ ತುಂಡುಗಳಾಗಿ ಒಡೆಯುತ್ತದೆ, ಪ್ರತಿ ತುಂಡಿಗೂ ಬೇರೆ ಲೆಕ್ಕ. ಇಲ್ಲಿ ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ. "ತ್ತಾ" ಕಣ್ಣಿಗೆ ಒಂದು, ಎಣಿಕೆಯಲ್ಲಿ ನಾಲ್ಕು: ತ, ವಿರಾಮ ಚಿಹ್ನೆ, ತ, ದೀರ್ಘ. "ಔಷಧಿಯ ಹೊತ್ತಾಗಿದೆ. ತೆಗೆದುಕೊಂಡಿದ್ದರೆ 1 ಎಂದು ಉತ್ತರಿಸಿ." ಇದು 51, ಒಂದೇ ಸಂದೇಶದಲ್ಲಿ ಹೋಗುತ್ತದೆ. ಮುಂದೆ "ನಿಮ್ಮ ಆರೋಗ್ಯವೇ ನಮ್ಮ ಧ್ಯೇಯ" ಸೇರಿಸಿದಿರೋ, ಎರಡಾಯಿತು.

ಒತ್ತಕ್ಷರ

ಅಕ್ಷರದ ಮಾತು ಬಂದದ್ದಕ್ಕೆ ಉಳಿದದ್ದನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷ್‌ನಲ್ಲಿ ವಿನ್ಯಾಸ ಮಾಡಿ ಕೊನೆಯ ವಾರ ಕನ್ನಡ ಸುರಿದರೆ ಕೆಡುವುದು ಹೀಗೆ.

ಮೊದಲನೆಯದು ಸಾಲಿನ ಎತ್ತರ. "ಸ್ತ್ರೀ", "ಲಕ್ಷ್ಮಿ", "ರಾಷ್ಟ್ರ" ಇವುಗಳನ್ನು ನಿಮ್ಮ ಬಟನ್‌ನಲ್ಲಿ ಹಾಕಿ ನೋಡಿ. ಎತ್ತರ ಸ್ಥಿರವಾಗಿದ್ದರೆ ಕೆಳಗಿನ ಒತ್ತು ಅರ್ಧಕ್ಕೆ ಕತ್ತರಿಸಿರುತ್ತದೆ. ಅಕ್ಷರ ಗಾತ್ರದ 1.6 ಪಟ್ಟು ಸಾಲಿನ ಎತ್ತರ ಕೊಡಿ. ಬಟನ್‌ಗೆ ಕನಿಷ್ಠ ಎತ್ತರ ಮಾತ್ರ ನಿಗದಿ ಮಾಡಿ, ಗರಿಷ್ಠ ಬೇಡ. ಆಂಡ್ರಾಯ್ಡ್‌ನಲ್ಲಿ ಅಕ್ಷರದ ಸುತ್ತಲಿನ ಜಾಗ ತೆಗೆಯುವ ಒಂದು ಸೆಟ್ಟಿಂಗ್ ಇದೆ. ಇಂಗ್ಲಿಷ್‌ಗೆ ನಡುಮಧ್ಯ ಕೂರಲಿ ಅಂತ ಅದನ್ನು ಹಾಕಿರುತ್ತಾರೆ, ಕನ್ನಡದ ಒತ್ತು ಹೋಗುವುದೇ ಅಲ್ಲಿ. ಅಕ್ಷರಗಳ ನಡುವೆ ಹೆಚ್ಚು ಅಂತರ ಕೊಡುವ ಶೈಲಿಯನ್ನೂ ಕನ್ನಡಕ್ಕೆ ಹಚ್ಚಬೇಡಿ.

ಎರಡನೆಯದು ಬಹುವಚನ. "ಇಷ್ಟು ಮಾತ್ರೆ ಉಳಿದಿದೆ" ಅನ್ನುವ ಸಾಲಿಗೆ ಭಾಷಾ ದತ್ತಾಂಶದಲ್ಲಿ ಕನ್ನಡಕ್ಕೆ ಎರಡು ರೂಪ: ಒಂದು, ಇತರ. "ಒಂದು" ಅನ್ನುವ ರೂಪ 1ಕ್ಕೆ ಮಾತ್ರ ಅಂತ ಅನುವಾದಕರು ತಿಳಿದು "ಒಂದು ಮಾತ್ರೆ ಉಳಿದಿದೆ" ಅಂತ ಅಕ್ಷರದಲ್ಲೇ ಬರೆಯುತ್ತಾರೆ. ಆದರೆ ಕನ್ನಡದ ನಿಯಮದಲ್ಲಿ ಸೊನ್ನೆಯೂ ಅರ್ಧವೂ ಅದೇ ರೂಪಕ್ಕೆ ಬೀಳುತ್ತವೆ. ಡಬ್ಬಿ ಖಾಲಿಯಾದಾಗ ತೆರೆಯ ಮೇಲೆ "ಒಂದು ಮಾತ್ರೆ ಉಳಿದಿದೆ"! ಔಷಧಿಯ ಆ್ಯಪ್‌ನಲ್ಲಿ ಇದು ಚಿಲ್ಲರೆ ತಪ್ಪಲ್ಲ. ಅಂಕಿಯ ಜಾಗದಲ್ಲಿ ಅಂಕಿಯನ್ನೇ ಬಿಡಿ, ಸೊನ್ನೆಗೆ ಬೇರೆಯೇ ಸಾಲು ಬರೆಯಿರಿ: "ಮಾತ್ರೆ ಮುಗಿದಿದೆ".

ಮೂರನೆಯದು ವಿಭಕ್ತಿ. ಹೆಸರಿನ ಖಾನೆಗೆ "ಗೆ" ಅಂಟಿಸಿದರೆ "ರವಿಗೆ" ಸರಿ, "ಮೋಹನಗೆ" ತಪ್ಪು, "ಸುಮಗೆ" ಅರ್ಧಂಬರ್ಧ. ಎಲ್ಲ ಹೆಸರಿಗೂ ಪ್ರತ್ಯಯ ಹಚ್ಚುವ ನಿಯಮ ಬರೆಯಲು ಕೂರಬೇಡಿ. ವಾಕ್ಯವನ್ನೇ ಮುರಿಯಿರಿ: "ಯಾರಿಗೆ: ಮೋಹನ". ಚೆಂದ ಕಡಿಮೆ, ತಪ್ಪಂತೂ ಆಗುವುದಿಲ್ಲ.

ನಾಲ್ಕನೆಯದು ಹುಡುಕಾಟ. "ಕೋ" ಅನ್ನುವುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಅಂತ ಬಿಡಿಬಿಡಿಯಾಗಿಯೂ ಇಡಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಚಿಹ್ನೆಗಳನ್ನು ಒಂದುಗೂಡಿಸಿದ ಯೂನಿಕೋಡ್ ರೂಪಕ್ಕೆ, ತನ್ನಿ. "ವಿಜಯ್‌ಕುಮಾರ್" ನಡುವೆ ಕಾಣದ ಬೇರ್ಪಡಿಕೆ ಚಿಹ್ನೆ ಒಂದಿದೆ. ಅದಿಲ್ಲದಿದ್ದರೆ ಯಕಾರಕ್ಕೆ ಕ ಒತ್ತಾಗಿ ಹೋಗುತ್ತದೆ. "ಕನ್ನಡ ಅಕ್ಷರ ಮಾತ್ರ" ಅನ್ನುವ ತಪಾಸಣೆ ಇಟ್ಟಿದ್ದರೆ ಆ ಚಿಹ್ನೆ ಕನ್ನಡದ ಪಟ್ಟಿಯಲ್ಲಿಲ್ಲ ಅಂತ ಆ ಹೆಸರನ್ನೇ ತಿರಸ್ಕರಿಸುತ್ತದೆ. ತಪಾಸಣೆಯಲ್ಲಿ ಅದಕ್ಕೆ ಅವಕಾಶ ಕೊಡಿ, ಹೋಲಿಸುವಾಗ ಕಡೆಗಣಿಸಿ.

ಅಂಕಿಗಳು. ಯಾರಾದರೂ "೨" ಅಂತ ಒತ್ತಿದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಅಂತ ಒಪ್ಪುವುದಿಲ್ಲ, ಪೈಥಾನ್ ಒಪ್ಪುತ್ತದೆ. ಒಳಬರುವಾಗಲೇ ೦ರಿಂದ ೯ರವರೆಗಿನದನ್ನು 0ರಿಂದ 9ಕ್ಕೆ ಬದಲಿಸಿ. ತೋರಿಸುವಾಗ ಪ್ರಮಾಣಕ್ಕೆ ಕನ್ನಡ ಅಂಕಿ ಬೇಡ ಅನ್ನುವುದು ಈ ಒಂದು ಜಾಗದಲ್ಲಿ ಮಾತ್ರ ನನ್ನ ವಾದ: ೬ ಮತ್ತು ೯ ಸಣ್ಣ ಗಾತ್ರದಲ್ಲಿ ಮಂಜುಗಣ್ಣಿಗೆ ಒಂದೇ.

ಮೂರುಹೊತ್ತು

ಸೊನ್ನೆ ಮಾತ್ರೆಯ ವಿಷಯ ಈಗಲೇ ನೋಡಿದೆ. ಅಲ್ಲಿದೆ, ಹಾಗೆಯೇ ಇದೆ.

ಮೂರನೇಗುಂಡಿ

ಪ್ರಮಾಣದ ಬಗ್ಗೆ ಒತ್ತಕ್ಷರ ಅವರ ಮಾತಿಗೆ ಸೇರಿಸುವುದು: ".5" ಅಂತ ಬರೆಯಬೇಡಿ, ಚುಕ್ಕೆ ಕಾಣದಿದ್ದರೆ 5 ಆಗುತ್ತದೆ. "1.0" ಕೂಡ ಬೇಡ, 10 ಆಗುತ್ತದೆ. "ಅರ್ಧ ಮಾತ್ರೆ" ಅಂತ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಅರ್ಧ ತುಂಬಿದ ವೃತ್ತದ ಚಿತ್ರ ಹಾಕಿ.

ಬಟನ್‌ಗಳಿಗೆ ಬರೋಣ. ನೆನಪಿಸುವುದನ್ನು ರದ್ದುಪಡಿಸುವ, ಮಾತ್ರೆ ನಿಲ್ಲಿಸುವ ಪ್ರಶ್ನೆ ಕೇಳಲು ತೆರೆಯ ಮೇಲೆ ಏಳುವ ಪೆಟ್ಟಿಗೆಗಳಲ್ಲಿ ಹೀಗಿರುತ್ತದೆ:

"ನೆನಪಿಸುವುದನ್ನು ರದ್ದು ಮಾಡಬೇಕೇ?" ಕೆಳಗೆ ಎರಡು ಬಟನ್: "ರದ್ದು", "ಸರಿ".

ರದ್ದು ಒತ್ತಿದರೆ ಯಾವುದು ರದ್ದು? ನೆನಪಿಸುವುದೋ, ಈ ಪೆಟ್ಟಿಗೆಯೋ? ಸಿದ್ಧ ಘಟಕದಲ್ಲಿ ಬರುವ "ರದ್ದು" ಪೆಟ್ಟಿಗೆ ಮುಚ್ಚುತ್ತದೆ, ಅಂದರೆ ಒತ್ತಿದವರು ಬಯಸಿದ್ದಕ್ಕೆ ತೀರ ಉಲ್ಟಾ. ಹೀಗೆ ಬರೆಯಿರಿ: "ಈ ಮಾತ್ರೆಯನ್ನು ಇನ್ನು ನೆನಪಿಸಬಾರದೇ?" ಬಟನ್: "ಹೌದು, ನಿಲ್ಲಿಸಿ" ಮತ್ತು "ಬೇಡ, ಇರಲಿ". ಬಟನ್ ಮೇಲಿನ ಮಾತನ್ನು ಮಾತ್ರ ಓದಿದರೂ ಏನಾಗುತ್ತದೆ ಅಂತ ತಿಳಿಯಬೇಕು, ಯಾಕಂದರೆ ಮೇಲಿನ ಪ್ರಶ್ನೆಯನ್ನು ಯಾರೂ ಓದುವುದಿಲ್ಲ.

ಗಾತ್ರ: ಎಲ್ಲರೂ ಬಳಸಬಲ್ಲ ವೆಬ್ ಮಾಡಲು ಇರುವ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.2 (2023) ಎಎ ಅನ್ನುವ ನಡುವಿನ ಹಂತಕ್ಕೆ 24 ಪಿಕ್ಸೆಲ್ ಚೌಕ ಸಾಕು ಅನ್ನುತ್ತದೆ. ಅದು ಕನಿಷ್ಠ, ಗುರಿಯಲ್ಲ. ಆಂಡ್ರಾಯ್ಡ್ ಮಾರ್ಗಸೂಚಿ 48 ಡಿಪಿ (ತೆರೆಯ ಸಾಂದ್ರತೆಗೆ ಹೊಂದಿಕೊಳ್ಳುವ ಅಳತೆ), ಆಪಲ್ 44 ಪಾಯಿಂಟ್. 48 ಡಿಪಿ ಅಂದರೆ ಲೆಕ್ಕದಲ್ಲಿ 0.3 ಅಂಗುಲ, 7.6 ಮಿ.ಮೀ. ಕೈ ನಡುಗುವವರಿಗೆ ಅದೂ ಚಿಕ್ಕದು. "ತೆಗೆದುಕೊಂಡೆ" ಬಟನ್ 72 ಡಿಪಿ ಎತ್ತರ, ತೆರೆಯ ಪೂರ್ತಿ ಅಗಲ ಇರಲಿ. "ಆಮೇಲೆ ನೆನಪಿಸಿ" ಅದಕ್ಕೆ ಅಂಟಿಕೊಂಡು ಬೇಡ, ನಡುವೆ 16 ಡಿಪಿಯಾದರೂ ಬಿಡಿ. ಒಣಗಿದ ಬೆರಳಿನಲ್ಲಿ ಜನ ಒತ್ತಿ ಹಿಡಿಯುತ್ತಾರೆ, ಅದು ದೀರ್ಘ ಒತ್ತು ಅಂತ ದಾಖಲಾಗಿ ಬೇರೇನೋ ತೆರೆಯುತ್ತದೆ. ದೀರ್ಘ ಒತ್ತಿಗೆ ಯಾವ ಕೆಲಸವನ್ನೂ ಕೊಡಬೇಡಿ.

ಬಣ್ಣ: ಬಿಳಿಯ ಮೇಲೆ 999 ಅನ್ನುವ ಬಣ್ಣಸಂಕೇತದ ಬೂದು ಎಲ್ಲರ ಅಚ್ಚುಮೆಚ್ಚು. ಅದರ ವ್ಯತ್ಯಾಸ ಅನುಪಾತ 2.85, ಸಾಮಾನ್ಯ ಅಕ್ಷರಕ್ಕೆ 4.5 ಬೇಕು. 767676 ಇಟ್ಟರೆ ಅಂಚಿನಲ್ಲಿ ಪಾಸು. ಬಿಸಿಲಿನಲ್ಲಿ ಅದೂ ಕಾಣದು, ಇನ್ನೂ ಗಾಢವಾಗಲಿ. ತೆಗೆದುಕೊಂಡದ್ದು ಹಸಿರು, ಬಿಟ್ಟದ್ದು ಕೆಂಪು ಅಂತ ಬರೀ ಬಣ್ಣದಲ್ಲಿ ಹೇಳಿದರೆ ಕೆಂಪು ಹಸಿರು ಬೇರ್ಪಡಿಸಲಾಗದವರಿಗೆ ಎರಡೂ ಒಂದೇ. ಪಕ್ಕದಲ್ಲಿ ಮಾತು ಇರಲಿ.

ತಪ್ಪಿ ಒತ್ತಿದರೆ ಹಿಂದಕ್ಕೆ ಪಡೆಯಲು ದಾರಿ ಬೇಕು. ಐದು ಸೆಕೆಂಡಿಗೆ ಮಾಯವಾಗುವ ಪಟ್ಟಿ ಅಲ್ಲ, ದಿನವಿಡೀ ಆ ಹೊತ್ತಿನ ಪಕ್ಕದಲ್ಲೇ "ತಿದ್ದಿ" ಅಂತ. ಹೊತ್ತು ತಪ್ಪಿದಾಗ ಆ್ಯಪ್ ತನ್ನಷ್ಟಕ್ಕೆ "ಈಗ ತೆಗೆದುಕೊಳ್ಳಿ" ಅನ್ನಲೇಬಾರದು. ಕೆಲವು ಮಾತ್ರೆ ತಡವಾಗಿ ನುಂಗಬಹುದು, ಕೆಲವನ್ನು ಬಿಟ್ಟೇಬಿಡಬೇಕು. ವೈದ್ಯರು ಹೇಳಿದ್ದನ್ನು ನೋಂದಾಯಿಸುವಾಗಲೇ ಬರೆದುಕೊಳ್ಳಿ. ಬರೆದಿಲ್ಲದಿದ್ದರೆ "ಎರಡು ಹೊತ್ತಿನದನ್ನು ಒಟ್ಟಿಗೆ ನುಂಗಬೇಡಿ, ವೈದ್ಯರನ್ನು ಅಥವಾ ಔಷಧಿ ಕೊಡುವವರನ್ನು ಕೇಳಿ" ಅಷ್ಟೇ.

ದನಿಪೆಟ್ಟಿಗೆ

ಬಟನ್, ಬಣ್ಣ, ಒತ್ತು ಅಂತ ಇಷ್ಟು ಒದ್ದಾಡುವ ಬದಲು ಇಡೀ ಆ್ಯಪನ್ನೇ ದನಿಯಲ್ಲಿ ಮಾಡಿ. ಓದು ನಿಧಾನ ಅಂತ ನೀವೇ ಬರೆದಿದ್ದೀರಿ. ಗಂಟೆಯಾದಾಗ "ಬಿಳಿ ಮಾತ್ರೆ ಎರಡು, ಹಳದಿ ಅರ್ಧ" ಅಂತ ಮಾತಾಡಲಿ, ಅವರು "ಆಯ್ತು" ಅನ್ನಲಿ.

ನೋಡಿಕಲಿ

ಹೇಳುವುದಕ್ಕೆ ದನಿ, ಒಪ್ಪುತ್ತೇನೆ. ಕೇಳಿಸಿಕೊಳ್ಳುವುದಕ್ಕೆ ದನಿ, ಬೇಡ. "ಎಪ್ಪತ್ತು" ಮತ್ತು "ಎಂಬತ್ತು" ಗದ್ದಲದಲ್ಲಿ ಮನುಷ್ಯರಿಗೇ ಗೊಂದಲ. ಹಲ್ಲಿಲ್ಲದ ಬಾಯಿಯ ಉಚ್ಚಾರ, ಟಿವಿಯ ಸದ್ದು, ಪಕ್ಕದಲ್ಲಿ ಮಾತಾಡುವ ಇನ್ನೊಬ್ಬರು ಎಲ್ಲ ಸೇರಿದರೆ ಯಾರೋ ಅಂದ "ಆಯ್ತು" ದಾಖಲೆಗೆ ಹೋಗುತ್ತದೆ. ಜೊತೆಗೆ ಯಾವ ಮಾತ್ರೆ ಅಂತ ಮನೆಗೆಲ್ಲ ಕೇಳುವಂತೆ ಕೂಗುವುದು ಎಲ್ಲರಿಗೂ ಬೇಕಿಲ್ಲ. ಬಣ್ಣದ ಹೆಸರಿನಲ್ಲಿ ಗುರುತು ಹಿಡಿಯುವುದೂ ಅಪಾಯ: ಅದೇ ಔಷಧಿ ಬೇರೆ ಕಂಪನಿಯದಾದರೆ ಬಣ್ಣವೇ ಬದಲು.

ನಡುದಾರಿ: ಪ್ರತಿ ಸಾಲಿನ ಪಕ್ಕದಲ್ಲಿ ಕೇಳುವ ಬಟನ್, ಧ್ವನಿಮುದ್ರಿತ ಮನುಷ್ಯರ ದನಿ, ಉತ್ತರಕ್ಕೆ ಒಂದೇ ದೊಡ್ಡ ಬಟನ್. ಇದರ ಜೊತೆಗೆ ತೆರೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್, ವಾಯ್ಸ್‌ಓವರ್‌ಗಳಿಗೆ ಪಠ್ಯ ಕನ್ನಡ ಅಂತ ಭಾಷೆಯ ಗುರುತು ಹಾಕಿ. ಇಲ್ಲದಿದ್ದರೆ ಇಂಗ್ಲಿಷ್ ದನಿ ಆ ಸಾಲುಗಳನ್ನು ಹಾರಿಸಿಬಿಡಬಹುದು.

ದನಿಪೆಟ್ಟಿಗೆ

ಗದ್ದಲದ ಮಾತು ಸರಿ. ಆದರೆ ಸ್ಮಾರ್ಟ್‌ಫೋನ್ ಇಲ್ಲದವರಿಗೆ ದನಿ ಕರೆ ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲಿ ಉತ್ತರವನ್ನು ಅಂಕಿಯಲ್ಲೇ ತೆಗೆದುಕೊಳ್ಳಿ. ನಾಲ್ಕಕ್ಕಿಂತ ಹೆಚ್ಚು ಆಯ್ಕೆ ಬೇಡ. "ತೆಗೆದುಕೊಂಡಿದ್ದರೆ 1 ಒತ್ತಿ" ಅನ್ನಿ, "1 ಒತ್ತಿ, ನೀವು ತೆಗೆದುಕೊಂಡಿದ್ದರೆ" ಅನ್ನಬೇಡಿ. ಅಂಕಿ ಮೊದಲು ಬಂದರೆ ಮಾತು ಮುಗಿಯುವಷ್ಟರಲ್ಲಿ ಮರೆತಿರುತ್ತದೆ. ಇಂಗ್ಲಿಷಿನಿಂದ ನೇರ ತಂದ ಮೆನುಗಳಲ್ಲೆಲ್ಲ ಈ ಉಲ್ಟಾ ಜೋಡಣೆ ಇದೆ.

ನೋಡಿಕಲಿ

ಅದು ಒಳ್ಳೆಯ ಮಾತು.

ಈಗ ಪರೀಕ್ಷೆ. "ಐದು ಜನ ಸಾಕು" ಅಂತ ಎಲ್ಲರೂ ಹೇಳುತ್ತಾರೆ, ಹಿಂದಿನ ಲೆಕ್ಕ ಹೇಳುವವರು ಕಡಿಮೆ. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ನೀಲ್ಸನ್ ಮತ್ತು ಲಾಂಡವರ್ 1993ರಲ್ಲಿ ಕೊಟ್ಟ ಸೂತ್ರ: ಒಂದು ತೊಡಕು ಒಬ್ಬರ ಕಣ್ಣಿಗೆ ಬೀಳುವ ಸಂಭವ ಸರಾಸರಿ 0.31 ಆದರೆ, ಐದು ಜನರಲ್ಲಿ ಒಬ್ಬರಿಗಾದರೂ ಬೀಳುವುದು 1ರಿಂದ 0.69ರ ಐದನೇ ಘಾತ ಕಳೆದಷ್ಟು, ಅಂದಾಜು 84 ಶೇಕಡ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಬರುವ ತೊಡಕಾದರೆ ಐದು ಜನರಲ್ಲಿ ಸಿಗುವ ಸಂಭವ 41 ಶೇಕಡ, ಹದಿನೈದು ಜನರಿಗೆ 79. ಔಷಧಿಯ ವಿಷಯದಲ್ಲಿ ಹತ್ತರಲ್ಲಿ ಒಬ್ಬರಿಗೆ ಬರುವ ತೊಡಕನ್ನು ಬಿಡಲಾಗದು. ಐದೈದು ಜನರ ಮೂರು ಸುತ್ತು ಮಾಡಿ, ಪ್ರತಿ ಸುತ್ತಿನ ನಡುವೆ ತಿದ್ದಿ. ಓದಬಲ್ಲವರು, ಓದಲು ಕಷ್ಟಪಡುವವರು, ಮಾತ್ರೆ ಕೊಡುವ ಮನೆಯವರು, ಇವು ಬೇರೆ ಬೇರೆ ಗುಂಪು, ಒಂದರ ಫಲಿತಾಂಶ ಇನ್ನೊಂದಕ್ಕೆ ನಡೆಯದು.

ಕೂರಿಸಿ ನೋಡುವ ಕ್ರಮ: ಅವರದೇ ಫೋನು, ಅವರದೇ ಅಕ್ಷರ ಗಾತ್ರ, ಗಾಜು ಒಡೆದಿದ್ದರೆ ಒಡೆದದ್ದೇ. ಆಂಡ್ರಾಯ್ಡ್ 14ರಲ್ಲಿ ಅಕ್ಷರ 200 ಶೇಕಡದವರೆಗೆ ಹಿಗ್ಗುತ್ತದೆ. ಆ ಗಾತ್ರದಲ್ಲಿ ನಿಮ್ಮ "ಉಳಿಸಿ" ಬಟನ್ ತೆರೆಯಿಂದ ಹೊರಗೆ ಹೋಗಿದೆಯೇ ಅಂತ ಮೊದಲೇ ನೋಡಿಕೊಂಡು ಹೋಗಿ. "ಗೊತ್ತಾಯಿತೇ?" ಅಂತ ಕೇಳಬೇಡಿ, ಎದುರು ಕೂತವರ ಮನಸ್ಸು ನೋಯದಿರಲಿ ಅಂತ ಹೂಂ ಅಂದೇ ಅನ್ನುತ್ತಾರೆ. "ರಾತ್ರಿಯ ಮಾತ್ರೆ ಯಾವುದು, ತೋರಿಸಿ" ಅನ್ನಿ. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಲ್ಲಿ ಹೇಳುತ್ತ ಮಾಡಿ ಅನ್ನುವ ವಿಧಾನ ಹಿರಿಯರಿಗೆ ಮುಜುಗರ, ಕೆಲಸವೂ ನಿಧಾನ. ಬೆರಳು ನೋಡಿ ಸಾಕು. ಬೆರಳು ಗಾಳಿಯಲ್ಲಿ ನಿಂತ ಜಾಗವನ್ನು ಬರೆದುಕೊಳ್ಳಿ, ತಪ್ಪು ಒತ್ತಿದ್ದಕ್ಕಿಂತ ಅದೇ ಹೆಚ್ಚು ಹೇಳುತ್ತದೆ. ಒಬ್ಬರಿಗೆ 45 ನಿಮಿಷ ಮೀರಬಾರದು.

ಅಂಕ ಬೇಕಿದ್ದರೆ ಎಸ್‌ಯುಎಸ್ ಪ್ರಶ್ನಾವಳಿ (ಬಳಸಲು ಎಷ್ಟು ಸುಲಭ ಅಂತ ಅಳೆಯುವುದು) ಇದೆ, ಹತ್ತು ಹೇಳಿಕೆ, ಸರಾಸರಿ 68ರ ಆಸುಪಾಸು. ಅದರಲ್ಲಿ ಒಂದು ಬಿಟ್ಟು ಒಂದು ಹೇಳಿಕೆ ನಕಾರದ ಧಾಟಿಯದು, "ಖಂಡಿತ ಒಪ್ಪುವುದಿಲ್ಲ" ಅಂದರೆ ಹೊಗಳಿದಂತೆ. ಕನ್ನಡಕ್ಕೆ ತಂದು ಓದಿ ಹೇಳುವಾಗ ಅರ್ಧ ಜನ ಅಲ್ಲೇ ಎಡವುತ್ತಾರೆ. ಈ ಗುಂಪಿಗೆ ಅದನ್ನು ಬಿಟ್ಟು, ಪ್ರತಿ ಕೆಲಸದ ನಂತರ "ಕಷ್ಟವಾಯಿತೋ ಸುಲಭವೋ" ಅಂತ ಒಂದೇ ಪ್ರಶ್ನೆ ಕೇಳಿ.

ಕಡತಕಾವಲು

ಇಬ್ಬರಿಗೆ ಒಂದೇ ಫೋನು ಅಂದಿರಿ, ಅದನ್ನು ಯಾರೂ ಮುಟ್ಟಲಿಲ್ಲ. ಲಾಕ್ ಆದ ತೆರೆಯ ಮೇಲೆ ಔಷಧಿಯ ಹೆಸರು ಬರಬಾರದು. ಹೆಸರು ನೋಡಿದರೆ ರೋಗ ಗೊತ್ತಾಗುತ್ತದೆ. "ಬೆಳಗಿನ ಔಷಧಿ" ಸಾಕು. ಎಸ್‌ಎಂಎಸ್‌ಗೂ ಇದೇ ನಿಯಮ, ಅಲಾರಂಪೆಟ್ಟಿಗೆ ಅವರ ಮಾದರಿಯಲ್ಲಿ ಹೆಸರಿಲ್ಲದಿರುವುದು ಸರಿಯಾಗಿದೆ. ಆ್ಯಪ್ ಒಳಗೆ ಇಬ್ಬರಿಗೂ ಬೇರೆ ಪುಟ, ಬೇರೆ ಫೋಟೋ, ಬೇರೆ ಸದ್ದು. ಒಂದೇ ಸದ್ದಾದರೆ ಯಾರ ಮಾತ್ರೆ ಅಂತ ತಿಳಿಯದೆ ಒಬ್ಬರದನ್ನು ಇನ್ನೊಬ್ಬರು ನುಂಗಿಯಾರು.

ಲಾಗಿನ್ ಓಟಿಪಿಯಲ್ಲಿದ್ದರೆ: ಖಾನೆಗೆ ಒಂದು-ಬಾರಿಯ-ಕೋಡ್ ಅನ್ನುವ ಸ್ವಯಂಭರ್ತಿ ಗುರುತು ಹಾಕಿ, ಅಂಟಿಸಲು ಬಿಡಿ, ಆರು ಬಿಡಿ ಪೆಟ್ಟಿಗೆ ಮಾಡದೆ ಒಂದೇ ಖಾನೆ ಇಡಿ. ಖಾನೆಯ ಬಗೆ "ನಂಬರ್" ಬೇಡ, ಮೊದಲ ಸೊನ್ನೆ ಕಳೆದುಹೋಗಬಹುದು. ಪಠ್ಯ ಖಾನೆಗೆ ಅಂಕಿಯ ಕೀಲಿಮಣೆ ಜೋಡಿಸಿ. ಅದಕ್ಕಿಂತ ಮೊದಲ ಪ್ರಶ್ನೆ: ಮಾತ್ರೆ ನೆನಪಿಸಲು ಲಾಗಿನ್ ಯಾಕೆ ಬೇಕು? ದತ್ತಾಂಶ ಫೋನಿನಲ್ಲೇ ಇರಲಿ, ಬೇರೆ ಕಡೆಯಿಂದ ಮಗಳೋ ಮಗನೋ ನೋಡಬೇಕೆಂದಾಗ ಮಾತ್ರ ಖಾತೆ ತೆರೆಯಲಿ. ಹಾಗೆ ನೋಡುವವರಿಗೆ ಏನು ಕಾಣುತ್ತದೆ ಅಂತ ಮಾತ್ರೆ ನುಂಗುವವರಿಗೆ ಅದೇ ತೆರೆಯಲ್ಲಿ ತೋರಿಸಿ, ನಿಲ್ಲಿಸುವ ಬಟನ್ ಅವರ ಕೈಯಲ್ಲಿರಲಿ.

ಬ್ರೌಸರ್‌ನಲ್ಲಿ ಮಾಡುವ ಯೋಚನೆ ಇದ್ದರೆ ಇನ್ನೊಂದು: ಸಫಾರಿಯಲ್ಲಿ ಏಳು ದಿನ ಬ್ರೌಸರ್ ಬಳಸಿಯೂ ಆ ತಾಣವನ್ನು ಮುಟ್ಟದಿದ್ದರೆ ಸ್ಕ್ರಿಪ್ಟ್ ಬರೆದಿಟ್ಟ ದತ್ತಾಂಶ ಅಳಿಯುತ್ತದೆ. ಮುಖಪುಟಕ್ಕೆ ಸೇರಿಸಿಕೊಂಡಿದ್ದರೆ ಈ ನಿಯಮ ತಾಗುವುದಿಲ್ಲ. ಮತ್ತೆ ಅದೇ ಕಥೆ ನೋಡಿ, ತೆರೆಯದವರಿಗೇ ಶಿಕ್ಷೆ.

ಅಳತೆಗೋಲು

ಬಳಕೆ ನಿಲ್ಲದಿರಲು ದಿನಗಳ ಸರಣಿ, ಪದಕ, "ಸತತ 10 ದಿನ!" ಇಂಥದ್ದು ಹಾಕಿದರೆ?

ಮೂರನೇಗುಂಡಿ

ಬೇಡ. ಸರಣಿ ಮುರಿಯಬಾರದು ಅಂತ ನುಂಗದೆಯೇ ಬಟನ್ ಒತ್ತುತ್ತಾರೆ. ಆಮೇಲೆ ವೈದ್ಯರ ಕೈಗೆ ಸುಳ್ಳು ದಾಖಲೆ.

ನೋಡಿಕಲಿ

ಬಿಟ್ಟುಹೋಗುವುದು ಪದಕ ಇಲ್ಲದ್ದಕ್ಕಲ್ಲ, ಹೆಚ್ಚಿನವರು ನೋಂದಣಿಯಲ್ಲೇ ಸೋಲುತ್ತಾರೆ. ಒಂದು ಮಾತ್ರೆಗೆ ಒಂಬತ್ತು ಖಾನೆ ಇಟ್ಟರೆ ನಾಲ್ಕು ಮಾತ್ರೆಗೆ 36. ನಿಜಕ್ಕೂ ಬೇಕಾದ್ದು ಐದು: ಹೆಸರು, ಮಾತ್ರೆಯ ಸ್ಟ್ರಿಪ್ಪಿನ ಫೋಟೋ, ಯಾವ ಹೊತ್ತು, ಎಷ್ಟು, ಎಂದಿನವರೆಗೆ. ಹೊತ್ತಿಗೆ ಗಡಿಯಾರದ ಚಕ್ರ ಬೇಡ, "ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ, ಮಲಗುವಾಗ" ಅಂತ ನಾಲ್ಕು ಬಟನ್. ಅದರ ನಿಮಿಷವನ್ನು ಒಮ್ಮೆ ಮಾತ್ರ ಕೇಳಿ. "ರಾತ್ರಿ 12" ಅನ್ನುವ ಆಯ್ಕೆಯೇ ಇರಬಾರದು, ಅದು ಇವತ್ತಿನದೋ ನಾಳೆಯದೋ ಅಂತ ಬಳಸುವವರಿಗೂ ತಿಳಿಯದು, ಕೋಡಿಗೂ ತಿಳಿಯದು. 11:55 ಮಾಡಿ.

ನೋಂದಣಿ ಮಾಡಿಕೊಡುವವರು ಬಹಳ ಸಲ ಬೇರೆಯವರು, ಇದನ್ನು ಒಪ್ಪಿಕೊಂಡೇ ವಿನ್ಯಾಸ ಮಾಡಿ. ಅವರು ಹೊರಡುವ ಮೊದಲು ಕೊನೆಯ ತೆರೆಯಲ್ಲಿ "ಒಮ್ಮೆ ಬಾರಿಸಿ ನೋಡಿ" ಇರಲಿ, ಒಂದು ನಿಮಿಷಕ್ಕೆ ನಿಜವಾದ ಗಂಟೆ, ನಿಜವಾದ ಸದ್ದು, ತೆರೆ ಲಾಕ್ ಆಗಿದ್ದಾಗ. ಅನುಮತಿ, ಚಾನೆಲ್, ಬ್ಯಾಟರಿ ಉಳಿತಾಯ, ಎಲ್ಲದರ ತೊಡಕೂ ಸಹಾಯಕರು ಎದುರಿಗಿರುವಾಗಲೇ ಬಯಲಾಗುತ್ತದೆ. ಜೊತೆಗೆ ಅದೇ ಪಟ್ಟಿಯನ್ನು ಕಾಗದಕ್ಕೆ ಮುದ್ರಿಸುವ ಬಟನ್ ಕೊಡಿ. ಫೋನು ರಿಪೇರಿಗೆ ಹೋದ ದಿನಕ್ಕೆ ಗೋಡೆಯ ಮೇಲಿನ ಕಾಗದವೇ ಗತಿ. ಅಳೆಯುವುದಿದ್ದರೆ ಎಷ್ಟು ಜನ ಇಳಿಸಿಕೊಂಡರು ಅಂತ ಅಳೆಯಬೇಡಿ. ನಾಲ್ಕನೇ ವಾರದಲ್ಲಿ ಗಂಟೆ ಬಾರಿಸಿದ ಹೊತ್ತುಗಳಲ್ಲಿ ಎಷ್ಟಕ್ಕೆ ಒಂದು ಗಂಟೆಯೊಳಗೆ ಉತ್ತರ ಬಂತು, ಬಾರಿಸಬೇಕಾಗಿದ್ದು ಎಷ್ಟು ಬಾರಿಸಲೇ ಇಲ್ಲ, ಈ ಎರಡು ಸಂಖ್ಯೆ ಸಾಕು. ಎರಡನೆಯದನ್ನು ಯಾರೂ ಇಡುವುದಿಲ್ಲ.

ಮೂರುಹೊತ್ತು

ಒಂದು ಅನುಮಾನ ಉಳಿಯಿತು. ಐಫೋನಿನಲ್ಲಿ ದಿನವೂ ಪುನರಾವರ್ತಿಸುವ ನೋಟಿಫಿಕೇಶನ್ ಮೂರು ಹಾಕಿದರೆ 64ರ ಮಿತಿಯೇ ತಾಗುವುದಿಲ್ಲವಲ್ಲ?

ಅಲಾರಂಪೆಟ್ಟಿಗೆ

ತಾಗುವುದಿಲ್ಲ. ಆದರೆ ಪುನರಾವರ್ತನೆಯಲ್ಲಿ ಒಂದು ದಿನದ್ದನ್ನು ಮಾತ್ರ ತೆಗೆಯಲಾಗದು. ಏಳೂವರೆಗೇ ನುಂಗಿ ಗುರುತು ಹಾಕಿದವರಿಗೂ ಎಂಟಕ್ಕೆ "ಔಷಧಿಯ ಹೊತ್ತು" ಅಂತ ಬರುತ್ತದೆ. ಅವರು ಇನ್ನೊಮ್ಮೆ ನುಂಗಿದರೆ? ಹತ್ತು ದಿನದ ಔಷಧಿ ಹನ್ನೊಂದನೇ ದಿನವೂ ಬಾರಿಸುತ್ತದೆ, ನಿಲ್ಲಿಸಲು ಆ್ಯಪ್ ಎಚ್ಚರವಾಗಬೇಕು. ಹಾಗಾಗಿ ದಿನದ ಲೆಕ್ಕದಲ್ಲೇ 63 ಮತ್ತು ಒಂದು. ಹೊತ್ತಿಗೊಂದರಂತೆ ಗುಂಪು ಮಾಡಿದ್ದು ಸರಿಯಾಗಿದೆಯೇ ಅಂತ ನೋಡಲು, ಸಾಲಿನಲ್ಲಿ ಎಷ್ಟಿವೆ ಅಂತ ಕೇಳುವ ಕರೆ ಇದೆ, ಪರೀಕ್ಷೆಯ ಆವೃತ್ತಿಯಲ್ಲಿ ಆ ಸಂಖ್ಯೆಯನ್ನು ತೆರೆಯ ಮೂಲೆಯಲ್ಲಿ ತೋರಿಸಿ.

ಮೂರುಹೊತ್ತು

ಹಾಗಾದರೆ ಬಿಡುಗಡೆಗೆ ಮೊದಲು ಎಷ್ಟು ದಿನ ಓಡಿಸಿ ನೋಡಬೇಕು?

ಅಲಾರಂಪೆಟ್ಟಿಗೆ

22 ದಿನ. ನಡುವೆ ಆ್ಯಪ್ ತೆರೆಯಬಾರದು, ನೋಟಿಫಿಕೇಶನ್ ಬಟನ್ ಒತ್ತಬಾರದು, ಹತ್ತನೇ ದಿನ ಫೋನು ಒಮ್ಮೆ ಆರಿಸಿ ಹೊತ್ತಿಸಬೇಕು. ಫೋನನ್ನು ತಂಡದಲ್ಲಿ ಯಾರ ಕೈಗೂ ಕೊಡಬೇಡಿ, ತೆರೆದು ನೋಡಿಬಿಡುತ್ತಾರೆ.